ತಿದಿ ಎಳೆದವಳ ಕೂಲಿ

ಊರಿನ ಕೊನೆಯ ಓಣಿಯಲ್ಲಿ ಕಮ್ಮಾರನ ಮನೆ. ಮನೆಗೆ ಆತುಕೊಂಡಂತೆ ತಗಡಿನ ಒಂದು ಮಾಡು, ಅದರಡಿ ಕುಲುಮೆ. ಈ ಕಡೆ ಕಬ್ಬಿಣ ಬಡಿಯುವ ಅಡಿಗಲ್ಲು, ಆ ಕಡೆ ಬೆಂಕಿಗೆ ಗಾಳಿ ಊದುವ ಚರ್ಮದ ತಿದಿ. ಬೆಂಕಿಯ ಝಳ ತಿದಿಗೆ ತಾಗಬಾರದೆಂದು ಅವನ ಅಪ್ಪ ನಡುವೆ ಒಂದು ಮಣ್ಣಿನ ಗೋಡೆ ಎಬ್ಬಿಸಿದ್ದ, ಕೂತವರ ತಲೆ ಮುಚ್ಚುವಷ್ಟು ಎತ್ತರಕ್ಕೆ. ಆ ಗೋಡೆಯ ಹಿಂದೆ ಮಣೆ ಹಾಕಿಕೊಂಡು ತಿದಿಯ ಹಗ್ಗ ಎಳೆಯುವುದು ಹೆಂಡತಿಯ ಕೆಲಸ. ಮದುವೆಯಾದ ಎಂಟನೆಯ ದಿನ ಅಲ್ಲಿ ಕೂತವಳು, ಎದ್ದರೆ ಒಲೆಗೆ, ಒಲೆಯಿಂದ ಮತ್ತೆ ಮಣೆಗೆ. ಹಾಗೇ ಮೂವತ್ತೊಂದು ವರ್ಷ ಸಂದಿತ್ತು. ಗೋಡೆಯಾಚೆ ಕಬ್ಬಿಣ ಏನಾಗುತ್ತಿದೆ ಎಂಬುದನ್ನು ಅವಳು ಕಂಡವಳಲ್ಲ, ಕೇಳಿದವಳು. ಸುತ್ತಿಗೆಯ ಸದ್ದಿನಲ್ಲೇ ಇದು ಗುದ್ದಲಿ, ಇದು ಕುಡುಗೋಲು ಎಂದು ತಿಳಿದು, ತಕ್ಕಷ್ಟು ಗಾಳಿ ಕೊಡುತ್ತಿದ್ದಳು.

ಬೆಂಕಿಗೆ ಉಸಿರು ಕೊಡುವವರ ಉಸಿರನ್ನು ಯಾರೂ ಎಣಿಸುವುದಿಲ್ಲ. ಎಣಿಸುವ ದಿನ ಬಂದದ್ದು ಅವಳ ಬಲಭುಜ ಸೋತಾಗ.

"ಈ ಕೈ ಇನ್ನೊಂದು ವರ್ಷ ಹಗ್ಗ ಎಳೆದರೆ, ಆಮೇಲೆ ತಲೆ ಬಾಚಿಕೊಳ್ಳೋಕೂ ಏಳಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. "ಬೇರೆ ಯಾರನ್ನಾದರೂ ಕೂರಿಸಿ."

"ಆಳಿಗೆ ಕೂಲಿ ಕೊಟ್ಟರೆ ನಮ್ಮ ತಟ್ಟೆಗೆ ಇದ್ದಿಲೇ ಗತಿ ಡಾಕ್ಟರೇ" ಎಂದ ಕಮ್ಮಾರ. ನಗಿಸಲು ಹೇಳಿದ ಮಾತು, ಆದರೆ ಯಾರೂ ನಗಲಿಲ್ಲ.

ಕರೆಂಟು ಆ ಓಣಿಗೂ ಬಂದಿತ್ತು, ಆದರೆ ನೆಂಟರ ಹಾಗೆ: ಯಾವಾಗ ಬರುತ್ತದೋ, ಎಷ್ಟು ಹೊತ್ತು ಇರುತ್ತದೋ ಹೇಳುವಂತಿರಲಿಲ್ಲ. ಪೇಟೆಯಲ್ಲಿ ಬಿಸಿಲಿನಿಂದ ನಡೆಯುವ ಯಂತ್ರಗಳಿಗೆ ಸಾಲ ಕೊಡುವ ಸಣ್ಣ ಬ್ಯಾಂಕು ಒಂದಿತ್ತು. ಚಾವಣಿಯ ಮೇಲೆ ಒಂದು ಹಲಗೆ, ಕೆಳಗೊಂದು ಬ್ಯಾಟರಿ, ಕುಲುಮೆಗೊಂದು ಗಾಳಿಯಂತ್ರ. ಗುಂಡಿ ಒತ್ತಿದರೆ ಗಾಳಿ. ಗಂಡಹೆಂಡತಿ ಇಬ್ಬರೂ ಹೋದರು. ಅಲ್ಲಿ ಸಾಲದ ಅರ್ಜಿ ಬರೆಯುತ್ತಿದ್ದ ಅಧಿಕಾರಿಣಿ ಮೂವತ್ತರ ಆಸುಪಾಸಿನವಳು. ಊರವರು ಅವಳಿಗೆ ಸೂರ್ಯನಮ್ಮ ಎಂದು ಹೆಸರಿಟ್ಟಿದ್ದರು.

"ಯಂತ್ರ ಬಂದರೆ ಈಗಿನ ಯಾವ ಖರ್ಚು ಉಳಿಯುತ್ತೆ ಯಜಮಾನರೇ? ಆ ಉಳಿತಾಯದಿಂದಲೇ ಕಂತು ಕಟ್ಟಬೇಕು, ಅದು ನಮ್ಮ ನಿಯಮ. ಇದ್ದಿಲು ಸ್ವಲ್ಪ ಉಳಿಯುತ್ತೆ, ಬರೆದೆ. ತಿದಿ ಎಳೆಯೋರ ಕೂಲಿ ಎಷ್ಟು?"

ಕಮ್ಮಾರ ನಕ್ಕ. "ಕೂಲಿ ಎಲ್ಲಿಂದ ಬಂತು ಮೇಡಂ? ಎಳೆಯೋಳು ನನ್ನ ಹೆಂಡತಿ."

ಸೂರ್ಯನಮ್ಮ ಸೊನ್ನೆ ಬರೆದಳು. ಮೇಜಿನ ಈಚೆ ಕೂತಿದ್ದ ಹೆಂಡತಿಗೆ ಅಕ್ಷರಗಳೆಲ್ಲ ತಲೆಕೆಳಗಾಗಿ ಕಂಡವು. ಸೊನ್ನೆ ಮಾತ್ರ ಸರಿಯಾಗಿಯೇ ಕಂಡಿತು.

"ಹಾಗಾದರೆ ಉಳಿತಾಯವೇ ಇಲ್ಲ. ಮೇಲಿನವರು ಒಪ್ಪಲ್ಲ."

"ಮೇಲಿನವರು ಅಂದರೆ ದೇವರಾ ತಾಯಿ?" ಎಂದಳು ಹೆಂಡತಿ.

"ಅಷ್ಟು ಮೇಲಲ್ಲ ಅಕ್ಕ, ಎರಡನೇ ಮಹಡಿ." ಸೂರ್ಯನಮ್ಮ ಪೆನ್ನು ಕೆಳಗಿಟ್ಟಳು. "ಒಂದು ಕೆಲಸ ಮಾಡಿ. ಒಂದು ತಿಂಗಳು ಇವರಿಗೆ ಕೂಲಿ ಕೊಡಿ. ದಿನಾ ಕೊಟ್ಟು, ದಿನಾ ಬರೆದು ತನ್ನಿ. ಕೊಟ್ಟದ್ದು ನಿಜವಾಗಿರಬೇಕು."

ಕಮ್ಮಾರನಿಗೆ ಅಕ್ಷರ ಬಾರದು. ಅವಳು ನಾಲ್ಕನೆಯ ತರಗತಿ ಓದಿದ್ದಳು. ಹಾಗಾಗಿ ಅವಳ ಕೂಲಿಯ ಲೆಕ್ಕ ಅವಳ ಕೈಗೇ ಬಂತು. ಲೆಕ್ಕದ ಪುಸ್ತಕವನ್ನು ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇಟ್ಟಳು.

ಮೊದಲ ಸಂಜೆ ಅವನು ದುಡ್ಡು ಕೊಟ್ಟಾಗ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಮರುದಿನ ಅದೇ ದುಡ್ಡು ಹಿಟ್ಟಿಗೆ, ಎಣ್ಣೆಗೆ ಹೋಯಿತು, ನಿಜ. ಆದರೂ ಒಂದು ರಾತ್ರಿ ಅದು ಅವಳ ತಲೆದಿಂಬಿನ ಕೆಳಗೆ ಮಲಗಿತ್ತು.

ಎರಡನೆಯ ಸಂಜೆ ಅವಳು ಎಣಿಸಿ, ಸ್ವಲ್ಪ ವಾಪಸು ಕೊಟ್ಟಳು.

"ಇದೇನು?"

"ಅಡುಗೆಗೆ ಎದ್ದು ಹೋಗಿದ್ದೆ, ಎರಡು ಗಂಟೆ. ನೀರಿಗೆ ಒಂದು. ಕಡಿತ ಅಂತ ಬರೆದಿದ್ದೀನಿ."

"ಲೇ, ಊರಲ್ಲಿ ಧಣಿಗಳು ಕೂಲಿ ಕಡೀತಾರೆ. ನಿನ್ನ ಕೂಲೀನ ನೀನೇ ಕಡೀತೀಯಲ್ಲೇ. ಆ ಅಡುಗೆ ಉಂಡಿದ್ದು ಯಾರು, ಪಕ್ಕದ ಮನೆಯವನಾ?"

"ಒಲೆ ಬೇರೆ, ಹಗ್ಗ ಬೇರೆ. ಹಗ್ಗ ಎಳೆದದ್ದಕ್ಕೆ ಮಾತ್ರ ಕೂಲಿ. ದೇವರ ಹತ್ತಿರ ಇಟ್ಟಿರೋ ಪುಸ್ತಕ ರೀ ಅದು."

ತಿಂಗಳು ಉರುಳಿದಂತೆ ಪುಸ್ತಕದಲ್ಲಿ ಇನ್ನೊಂದು ಬಗೆಯ ಸಾಲು ಕಾಣಿಸಿಕೊಂಡಿತು: 'ಕೈ ಏಳಲಿಲ್ಲ, ಒಂದು ಗಂಟೆ, ಕಡಿತ.' ಆಮೇಲೆ ಎರಡು ಗಂಟೆ. ಕೊನೆಯ ವಾರದಲ್ಲಿ ಅಕ್ಷರಗಳೇ ಓರೆಯಾಗಿದ್ದವು, ಎಡಗೈಯಲ್ಲಿ ಬರೆದಿದ್ದಳು.

ತಿಂಗಳು ಮುಗಿದ ಮೇಲೆ ಬ್ಯಾಂಕಿನಲ್ಲಿ ಸೂರ್ಯನಮ್ಮ ಹಾಳೆ ಮಗುಚುತ್ತ ಕೂಡಿಸಿದಳು. ಇನ್ನೊಮ್ಮೆ ಕೂಡಿಸಿದಳು.

"ಕಂತಿಗೆ ಕಾಲು ಭಾಗ ಕಡಿಮೆ ಬೀಳುತ್ತೆ. ಪೂರ್ತಿ ದಿನ ಅಂತ ಬರೆದಿದ್ದರೆ ಆಗ್ತಿತ್ತು ಅಕ್ಕ."

"ಪೂರ್ತಿ ದಿನ ಎಳೆದಿದ್ದರೆ ಬರೀತಿದ್ದೆ ತಾಯಿ."

ಕಮ್ಮಾರನಿಗೆ ಹೆಂಡತಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪುಸ್ತಕಕ್ಕೆ ಕೈ ಚಾಚಿದ. ಸೂರ್ಯನಮ್ಮ ಅದನ್ನು ಕೊಡಲಿಲ್ಲ. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.

"ಇವರು ಎದ್ದು ಹೋದಾಗ ನೀವೇನು ಮಾಡ್ತಿದ್ರಿ ಯಜಮಾನರೇ?"

"ನಾನೇನು ಮಾಡಲಿ? ಕೂತಿರ್ತಿದ್ದೆ. ಗಾಳಿ ಇಲ್ಲದಿದ್ದರೆ ಬೆಂಕಿ ಇಲ್ಲ, ಬೆಂಕಿ ಇಲ್ಲದಿದ್ದರೆ ನಾನೂ ಅಡಿಗಲ್ಲೂ ಒಂದೇ."

"ಗಂಟೆಗೆ ಎಷ್ಟು ಕುಡುಗೋಲು ಆಗುತ್ತೆ?"

"ಬೆಂಕಿ ಒಂದೇ ಹದಕ್ಕಿದ್ದರೆ ಒಂದು."

"ಮಾಡಿಟ್ಟರೆ ಕೊಳ್ಳೋರಿದ್ದಾರಾ?"

"ಹೇಳಿಟ್ಟು ಹೋದೋರು ಇಪ್ಪತ್ತು ಜನ ಇದ್ದಾರೆ. ಕಾದೂ ಕಾದೂ ಸಾಕಾಗಿ ಪೇಟೆಯ ಅಂಗಡಿಯಲ್ಲಿ ತಗೋತಾರೆ. ಅದು ಎರಡು ಕೊಯ್ಲಿಗೆ ಮೊಂಡಾಗುತ್ತೆ, ಆಮೇಲೆ ಸಾಣೆಗೆ ನನ್ನ ಹತ್ತಿರವೇ ತರ್ತಾರೆ."

ಸೂರ್ಯನಮ್ಮ ಈಗ ಕೂಲಿಯನ್ನು ಬಿಟ್ಟು ಕಡಿತಗಳನ್ನು ಕೂಡಿಸತೊಡಗಿದಳು. ಅಡುಗೆ, ನೀರು, ಏಳದ ಕೈ. ತೊಂಬತ್ತಾರು ಗಂಟೆ. ಗಾಳಿಯಿಲ್ಲದೆ ಸುತ್ತಿಗೆ ಸುಮ್ಮನೆ ಬಿದ್ದಿದ್ದ ತೊಂಬತ್ತಾರು ಗಂಟೆ, ಒಂದೊಂದೂ ದಿನಾಂಕದ ಸಮೇತ. ಯಂತ್ರವಿದ್ದರೆ ಅಷ್ಟೂ ಗಂಟೆ ಕುಡುಗೋಲಾಗುತ್ತಿತ್ತು, ಕಂತಿನ ಕೊರತೆ ತುಂಬುತ್ತಿತ್ತು. ಯಾರು ಸುಳ್ಳು ಬರೆದರೂ ಇಷ್ಟು ವಿವರವಾಗಿ ಬರೆಯಲಾರರು. ಈ ಲೆಕ್ಕಕ್ಕೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಅಂಚಿನ ಬಿಳಿಯಲ್ಲಿ ಅಡ್ಡಡ್ಡ ಬರೆದು ಸಹಿ ಹಾಕಿ, ಪುಸ್ತಕವನ್ನೂ ಹಿಡಿದು ತಾನೇ ಮೆಟ್ಟಿಲು ಹತ್ತಿದಳು.

ಬಹಳ ಹೊತ್ತು ಬರಲಿಲ್ಲ. ಗೋಡೆ ಗಡಿಯಾರ ನೋಡುತ್ತ ಗಂಡ ಕೂತ. ಹೆಂಡತಿ ಕಣ್ಣು ಮುಚ್ಚಿದ್ದಳು. ಏನು ಬೇಡಿಕೊಂಡಳೋ, ಅದು ಅವಳಿಗೂ ದೇವರಿಗೂ ಬಿಟ್ಟ ವಿಷಯ.

ಸೂರ್ಯನಮ್ಮ ಇಳಿದು ಬಂದು ಪುಸ್ತಕವನ್ನು ಅವಳ ಕೈಯಲ್ಲೇ ಇಟ್ಟಳು. "ಒಪ್ಪಿದರು ಅಕ್ಕ. ಕಡಿತ ಅಂತ ನೀವು ಬಿಟ್ಟುಕೊಟ್ಟ ಗಂಟೆಗಳಿಂದಲೇ ಆಯಿತು."

ಹನ್ನೊಂದನೆಯ ದಿನ ಯಂತ್ರ ಬಂತು. ತಗಡಿನ ಮೇಲೆ ಹಲಗೆ ಕೂರಿಸಿದವರು ಹೋದ ಮೇಲೆ ಕಮ್ಮಾರ ಕೈಮುಗಿದು ಗುಂಡಿ ಒತ್ತಿದ. ಸಣ್ಣಗೆ ಗುಂಯ್ ಎಂದಿತು, ಇದ್ದಿಲು ಕೆಂಪಾಯಿತು. ಗೋಡೆಯ ಹಿಂದೆ ಅವಳು ಎಂದಿನಂತೆ ಮಣೆಯ ಮೇಲೆ ಕೂತಿದ್ದಳು, ಕೈ ಎರಡೂ ಮಡಿಲಲ್ಲಿ. ಹೋದ ಭುಜ ಮೊದಲಿನಂತೆ ಆಗುವುದಿಲ್ಲ, ಇರುವಷ್ಟು ಉಳಿದೀತು ಎಂದಿದ್ದರು ಡಾಕ್ಟರು.

"ಅಲ್ಲಿ ಏನು ಕಾಯ್ತಿದ್ದೀಯೇ? ಈ ಕಡೆ ಬಾ."

ಎಡಗೈಯಲ್ಲಿ ಮಣೆ ಎತ್ತಿಕೊಂಡು ಅವಳು ಗೋಡೆ ಸುತ್ತಿ ಬಂದಳು. ಅಡಿಗಲ್ಲಿಗೆ ನಾಲ್ಕು ಮೊಳ ದೂರದಲ್ಲಿ ಕೂತಳು. ಕೆಂಪು ಕಬ್ಬಿಣ ಇಕ್ಕಳದಲ್ಲಿ ಹೊರಬಂತು, ಸುತ್ತಿಗೆ ಬಿತ್ತು. ಕಿವಿಗೆ ಅದು ಮೂವತ್ತೊಂದು ವರ್ಷದ ಹಳೆಯ ಸದ್ದು, ಕಣ್ಣಿಗೆ ಮಾತ್ರ ಹೊಸದು.

"ಕುಡುಗೋಲು ಇಷ್ಟು ಬೇಗ ಬಾಗುತ್ತಾ?"

"ಮತ್ತೆ? ನೀನೇನು ಅಂದುಕೊಂಡಿದ್ದೆ?"

"ಸದ್ದಿನಲ್ಲಿ ಅದು ಬಹಳ ಹೊತ್ತು ನೆಟ್ಟಗಿರ್ತಿತ್ತು."

ಅವನು ಕಬ್ಬಿಣವನ್ನು ಅವಳಿಗೆ ಕಾಣುವಂತೆ ಸ್ವಲ್ಪ ಈಚೆಗೆ ತಿರುಗಿಸಿ, ಸುತ್ತಿಗೆಯನ್ನು ನಿಧಾನವಾಗಿ ಎತ್ತಿದ.