ಫಾರಿನ್ ಕಣ್ಣು

ಈ ಕಥೆಯನ್ನು ಮೊದಲು ಹೇಳಿದವರು ಭದ್ರಾವತಿ ಓಲ್ಡ್ ಟೌನಿನ ಅಖ್ತರ್ ಬೀ; ಜಟಕಾ ಹೊಡೆಯುತ್ತಿದ್ದ ಬಾಬು ಸಾಬರ ಹೆಂಡತಿ. ಅರವತ್ತೈದನೇ ಇಸವಿಯ ಮಾಗಿಯಲ್ಲಿ, ಒಂದು ಮಧ್ಯಾಹ್ನ, ತಮ್ಮ ಮನೆಯ ಜಗಲಿಯ ಮೇಲೆ ಬೀಡಿ ಕಟ್ಟುತ್ತ ಕೂತಿದ್ದ ನಾಲ್ಕಾರು ಹೆಂಗಸರಿಗೆ ಹೇಳಿದ್ದು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇದಕ್ಕೆ ಬೇರೊಂದು ಪಾಠವಿದೆ. ಅಲ್ಲಿ ಅಜ್ಜನೇ ರಾಕ್ಷಸ, ಬೀಗಿತ್ತಿಯೇ ದೇವತೆ. ಸಂಗತಿ ನಡೆದ ಬೀದಿಯವರ ಪಾಠವನ್ನೇ ಇಲ್ಲಿ ಅನುಸರಿಸಿದೆ.

ಏಕಾಂತಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಐವತ್ತೇಳರಲ್ಲಿ, ಹೊಸ ಯಂತ್ರದ ಕೆಲಸ ಕಲಿತು ಬರಲೆಂದು ಅವನನ್ನು ಜರ್ಮನಿಗೆ ಕಳುಹಿಸಿದರು. ಅಲ್ಲಿ ಅವನಿಗೆ ಬಿಡಾರ ಸಿಕ್ಕಿದ್ದು ಹೊಲಗಳ ನಡುವಿನ ಒಂದು ಹಳ್ಳಿಯಲ್ಲಿ, ಮುದುಕಿಯೊಬ್ಬಳ ಮನೆಯ ಅಟ್ಟದ ಮೇಲೆ. ಭಾಷೆ ಬಾರದು, ಊಟ ಸೇರದು, ಕರೆದು ಮಾತಾಡಿಸುವವರಿಲ್ಲ. ಪಾಳಿ ಮುಗಿದ ಮೇಲೆ ಮಾಡಲಿಕ್ಕೆ ಉಳಿದದ್ದು ನಡೆಯುವುದೊಂದೇ. ಅವನು ನಡೆದ, ನಡೆಯುತ್ತ ನೋಡಿದ.

ನೋಡಿದ್ದರಲ್ಲಿ ಅದ್ಭುತ ಯಾವುದೂ ಇರಲಿಲ್ಲ. ಸೂರಿನ ತನಕ ಗೋಡೆಗೊರಗಿಸಿ ಪೇರಿಸಿದ ಸೌದೆ, ಒಂದು ತುಂಡೂ ಮುಂದಕ್ಕೆ ಚಾಚದ ಹಾಗೆ. ಬೆಳಗಿನ ಬಿಸಿಲಿಗೆಂದು ಕಿಟಕಿಯಿಂದ ಇಳಿಬಿಟ್ಟ ಹಾಸಿಗೆಗಳು, ಮನೆಯೇ ನಾಲಗೆ ಚಾಚಿದಂತೆ. ಕಾಯಿಯ ಭಾರಕ್ಕೆ ಬಾಗಿದ ಸೇಬಿನ ಕೊಂಬೆಗೆ, ನಾವು ಬಾಳೆಗೊನೆಗೆ ಕೊಡುವಂತೆಯೇ, ಕೊಟ್ಟ ಊರುಗೋಲು. ಹೊಸ್ತಿಲಾಚೆ ಕೆಸರು ಮೆತ್ತಿದ ಬೂಟುಗಳು ಅಪ್ಪನದರಿಂದ ಹಿಡಿದು ಕೂಸಿನದರವರೆಗೆ ಸಾಲಾಗಿ ನಿಂತಿರುತ್ತಿದ್ದವು; ಒಳಗೆ ಯಾರಿದ್ದಾರೆ, ಯಾರು ಇನ್ನೂ ಬಂದಿಲ್ಲ ಎಂಬುದನ್ನು ಬೂಟೇ ಹೇಳುತ್ತಿತ್ತು. ಸಂಜೆ ಸ್ಮಶಾನದಲ್ಲಿ ಮುದುಕಿಯರು ಗೋರಿಗಳ ಮೇಲಿನ ಹೂಗಿಡಕ್ಕೆ ನೀರು ಹಾಕಿ, ಸತ್ತ ಗಂಡನನ್ನು ಬದುಕಿದ್ದಾಗ ಬೈದಂತೆಯೇ ಬೈದು, ಮನೆಗೆ ಹೋಗುತ್ತಿದ್ದರು.

ಆ ಭಾಷೆಯಲ್ಲಿ ಅವನು ಚೆನ್ನಾಗಿ ಕಲಿತದ್ದು ಒಂದೇ ಮಾತು: 'ಚೆಂದ' ಎಂಬುದು. ಸೌದೆಯನ್ನು ತೋರಿಸಿ ಹಾಗೆಂದರೆ ಸೌದೆ ಪೇರಿಸಿದವನು ಹಿಗ್ಗಿ ಕೈ ಕುಲುಕುತ್ತಿದ್ದ. ಸೇಬಿನ ಮರಕ್ಕೆ ಅಂದರೆ ಜೇಬು ತುಂಬ ಸೇಬು. ಮೆಚ್ಚುವುದೇ ಅಲ್ಲಿ ಮರ್ಯಾದೆ ಎಂದು ಏಕಾಂತಪ್ಪ ತಿಳಿದುಕೊಂಡ. ತಿಳಿದದ್ದು ತಪ್ಪಲ್ಲ, ಅದನ್ನು ಹಡಗಿನಲ್ಲಿ ಹೊತ್ತು ಊರಿಗೆ ತಂದದ್ದು ತಪ್ಪು.

ಹತ್ತು ತಿಂಗಳಿಗೆ ಹಿಂತಿರುಗಿದ ಮೇಲೂ ಸಂಜೆಯ ನಡಿಗೆ ಬಿಡಲಿಲ್ಲ. ಅದೇ ಬೀದಿಯ ದುರ್ಗಮ್ಮನ ಮಾಡಿನ ಮೇಲೆ ಸೋರೆಬಳ್ಳಿ ಹಬ್ಬಿತ್ತು. ಅವನು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿ, "ಎಷ್ಟು ಚೆನ್ನಾಗಿದೆ ದುರ್ಗಮ್ಮ! ಕಾಯಿ ಒಂದೊಂದೂ ಎಣ್ಣೆ ನೀರು ಹಾಕಿ ಮಲಗಿಸಿದ ಕೂಸಿನ ಹಾಗಿದೆ" ಎಂದ. ದುರ್ಗಮ್ಮ ನಗಲಿಲ್ಲ. ವಾರದೊಳಗೆ ಬಳ್ಳಿಯ ಬುಡ ಕೊಳೆಯಿತು. ಆಮೇಲೆ ಬಾಬು ಸಾಬರ ಕುದುರೆ. ಅದರ ಮೈಯ ಹೊಳಪನ್ನು ಅವನು ನಿಂತು ಹೊಗಳಿದ. "ಅರೆ ಮಾರಾಯ, ನೋಡಿದ್ದು ಸಾಕು, ಮುಂದೆ ನಡಿ" ಎಂದು ಬಾಬು ಸಾಬರು ಗೋಣಿತಾಟು ತಂದು ಕುದುರೆಗೆ ಹೊದಿಸಿದರು. ಆ ಶುಕ್ರವಾರವೇ ಕುದುರೆ ಸೇತುವೆಯ ಹತ್ತಿರ ಜಾರಿ ಕುಂಟಾಯಿತು. "ಅದಕ್ಕೆ ವಯಸ್ಸಾಗಿತ್ತು, ಅದೂ ನಿಜ" ಎಂದು ಅಖ್ತರ್ ಬೀ ಒಂದು ಬೀಡಿಗೆ ದಾರ ಸುತ್ತಿ, ಮುಂದೆ ಹೇಳಿದರು.

ಏಕಾಂತಪ್ಪನ ಕಣ್ಣು ಕೆಟ್ಟ ಕಣ್ಣು ಎಂದು ಊರು ಮೆಲ್ಲನೆ ಮಾತಾಡತೊಡಗಿತು. ಅವನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಗೊತ್ತಾದದ್ದು ಕಿರಾಣಿ ಅಂಗಡಿಯ ಗೋವಿಂದಯ್ಯನಿಂದ. ಗೋವಿಂದಯ್ಯನ ಎದುರಿಗೇ ರಾಮಯ್ಯ ಎಂಬುವನು ಹೊಸ ಅಂಗಡಿ ಇಟ್ಟಿದ್ದ.

"ಬನ್ನಿ ಏಕಾಂತಪ್ಪಣ್ಣ, ಬನ್ನಿ" ಎಂದು ಗೋವಿಂದಯ್ಯ ಒಂದು ಸಂಜೆ ಅವನ ತೋಳು ಹಿಡಿದ. "ಎದುರುಗಡೆ ಅಂಗಡಿ ನೋಡಿದ್ರಾ? ಹೋಗಿ, ನಿಧಾನವಾಗಿ ನೋಡಿ. ಮನಸ್ಸಿಗೆ ಏನನ್ಸುತ್ತೋ ಬಾಯ್ಬಿಟ್ಟು ಹೇಳಿ. ನಿಮ್ಮಂಥ ಫಾರಿನ್ ನೋಡ್ದೋರು ಹೇಳಿದ್ರೆ ಅದರ ತೂಕಾನೇ ಬೇರೆ."

ಊರಿಗೆ ಬಂದ ಮೇಲೆ ಅವನ ಮೆಚ್ಚುಗೆಯನ್ನು ಬೇಕೆಂದು ಕೇಳಿದವನು ಗೋವಿಂದಯ್ಯನೇ ಮೊದಲು. ಏಕಾಂತಪ್ಪ ಖುಷಿಯಿಂದ ರಸ್ತೆ ದಾಟಿದ. ಚೀಲಗಳ ಬಾಯನ್ನು ಒಂದೇ ಸಮ ಮಡಿಸಿಟ್ಟದ್ದನ್ನು ಹೊಗಳಿದ. ತಕ್ಕಡಿಯ ಹಿತ್ತಾಳೆಯನ್ನು ಹೊಗಳಿದ. ರಾಮಯ್ಯನ ಮುಖ ಕಪ್ಪಿಟ್ಟಿತು. ಹಿಂದಿನಿಂದ, ಗೋವಿಂದಯ್ಯನ ಬೆಂಚಿನ ಮೇಲೆ ಕೂತಿದ್ದವರೆಲ್ಲ ತೊಡೆ ತಟ್ಟಿ ನಕ್ಕರು. "ಇನ್ನೊಂದ್ಸಲ ನೋಡಣ್ಣ! ಮೇಲ್ಗಡೆ ಬೋರ್ಡೂ ನೋಡು!" ಎಂದು ಒಬ್ಬ ಕೂಗಿದ. ರಾಮಯ್ಯ ಏಕಾಂತಪ್ಪನ ಮೂಗಿನೆದುರೇ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಜೋಡಿಸಿಬಿಟ್ಟ.

ಅಂದಿನಿಂದ ಅವನ ನಡಿಗೆಗೆ ಮುಂದೆ ಬಾಗಿಲು ಹಾಕುವ ಸದ್ದು, ಹಿಂದೆ ಮೆಣಸಿನಕಾಯಿಯ ಘಾಟು. ಆ ಸೀಮೆಯಲ್ಲಿ ಎಲ್ಲ ಜಾತಿಯವರೂ ಒಪ್ಪುವ ಒಂದು ಪರೀಕ್ಷೆಯಿದೆ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟೆದ್ದು ಕೆಮ್ಮು ಬಂದರೆ ದೃಷ್ಟಿಯಿಲ್ಲ. ಘಾಟೇ ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ಅರ್ಥ. ಪ್ರತಿ ಮನೆಯಲ್ಲೂ ಚೆನ್ನಾಗಿಯೇ ಘಾಟೇಳುತ್ತಿತ್ತು. ಏಕಾಂತಪ್ಪ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೆಮ್ಮುತ್ತ ನಡೆಯುತ್ತಿದ್ದ. ಅದರಿಂದ ಅವನ ಕಣ್ಣು ನಿರಪರಾಧಿ ಎಂದು ತೀರ್ಮಾನಿಸಿದವರು ಒಬ್ಬರೂ ಇಲ್ಲ.

ಇದೆಲ್ಲವನ್ನೂ ಅವನು ಸಹಿಸುತ್ತಿದ್ದ. ಅವನಿಗಿದ್ದ ಆಸೆ ಒಂದೇ. ಮಗಳು ನೀಲಾಂಬಿಕೆಯನ್ನು ದುರ್ಗಿಗುಡಿಯ ಬಟ್ಟೆ ವ್ಯಾಪಾರಿ ಷಡಕ್ಷರಪ್ಪನವರ ಮನೆಗೆ ಕೊಟ್ಟಿತ್ತು. ಅವಳಿಗೆ ಹುಟ್ಟಿದ ಎರಡು ಮಕ್ಕಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಈಗ ಮೂರನೆಯದಕ್ಕೆ ತವರಿಗೆ ಬಂದಿದ್ದಳು. ಮೊದಲಿನೆರಡೂ ದುರ್ಗಿಗುಡಿಯಲ್ಲೇ ಹುಟ್ಟಿ ಹೋಗಿದ್ದರಿಂದ ಅವನು ನೋಡಿರಲಿಲ್ಲ. ಇದನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕು ಎಂದಿದ್ದ.

ಷಡಕ್ಷರಪ್ಪನವರ ಹೆಂಡತಿ ಶಾಂತಮ್ಮ ಬೀಗರ ಕಣ್ಣಿನ ಸುದ್ದಿ ಕೇಳಿ, ಮರುದಿನದ ಬಸ್ಸಿಗೇ ಬಂದಿಳಿದರು. ನಶ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು; ಎರಡು ಮಾತಿಗೊಂದು ಸಲ ಏರಿಸುವರು. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನೆಟ್ಟಗೆ ಹೇಳಿದರು.

"ಬೀಗ್ರೇ, ತಪ್ಪು ತಿಳೀಬೇಡಿ. ಮಗು ನಿಮ್ಮ ಕಣ್ಣಿಗೆ ಬೀಳೋ ಹಾಗಿಲ್ಲ. ಒಪ್ಪಿದ್ರೆ ಬಾಣಂತನ ಇಲ್ಲಿ. ಇಲ್ದಿದ್ರೆ ಈಗ್ಲೇ ಜಟಕಾ ಕರ್ಸಿ, ಸೊಸೇನ ಕರ್ಕೊಂಡು ಹೋಗ್ತೀನಿ."

"ಎಷ್ಟು ದಿನ?" ಎಂದ ಏಕಾಂತಪ್ಪ.

"ನಾನು ಸಾಕು ಅನ್ನೋವರ್ಗೂ."

ಒಳಗಿನಿಂದ ನೀಲಾಂಬಿಕೆ ಹೊಟ್ಟೆ ಹಿಡಿದುಕೊಂಡೇ ಬಂದಳು. "ಅತ್ತೆ, ಎರಡನೇದು ಹೋದಾಗ ಅಪ್ಪ ಜರ್ಮನೀಲಿದ್ರಲ್ಲ!"

"ಅಲ್ಲಿಂದ್ಲೇ ನೋಡಿರ್ತಾರೆ" ಎಂದು ಶಾಂತಮ್ಮ ಚಿಟಿಕೆ ನಶ್ಯ ಏರಿಸಿದರು. "ಫಾರಿನ್ ಕಣ್ಣಿಗೆ ಸಮುದ್ರ ಯಾವ ಲೆಕ್ಕ?"

ಏಕಾಂತಪ್ಪ ಹೆಂಡತಿಯ ಮುಖ ನೋಡಿದ. ವಿಶಾಲಮ್ಮ ಸೆರಗು ಸರಿಮಾಡಿಕೊಂಡಳು. "ದೇಶಾನೇ ನೋಡ್ಕೊಂಡು ಬಂದಿದ್ದೀರಲ್ಲ ರೀ. ಒಂದಿಷ್ಟು ದಿನ ಕಣ್ಣು ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು.

ಅವನು ಒಪ್ಪಿದ. ಹಾಸಿಗೆಯನ್ನು ಜಗಲಿಯ ಕೋಣೆಗೆ ಹಾಕಿಕೊಂಡ.

ಹೆರಿಗೆಯಾದ ದಿನ ಕೂಸಿನ ಅಳು ಕೇಳಿ ಬಾಗಿಲಿಗೆ ಬಂದು, "ಏನು ಮಗು?" ಎಂದು ಕೇಳಿದ. "ಮಗು" ಎಂದು ಒಳಗಿನಿಂದ ಶಾಂತಮ್ಮನ ಉತ್ತರ ಬಂತು. ಗಂಡೆಂದು ಅವನಿಗೆ ತಿಳಿದದ್ದು ಮರುದಿನ, ಕಾರ್ಖಾನೆಯ ಗೇಟಿನಲ್ಲಿ, ಬೇರೆಯವರು ಮಾತಾಡಿಕೊಳ್ಳುತ್ತಿದ್ದಾಗ.

ನೋಡಲು ಸಿಗದ ಕೂಸನ್ನು ಅವನು ಕೇಳಿ ಕೇಳಿ ತಿಳಿದುಕೊಂಡ. ಎಣ್ಣೆ ಹಚ್ಚುವಾಗ ಸುಮ್ಮನಿರುತ್ತದೆ, ಬೆನ್ನಿಗೆ ನೀರು ಬಿದ್ದರೆ ಕಿರುಚುತ್ತದೆ. ಸಾಂಬ್ರಾಣಿಯ ಹೊಗೆಗೆ ಸೀನುತ್ತದೆ. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವನಿಗೆ ಹಿತ್ತಲಿನ ತಂತಿಯ ಮೇಲೆ ಹಳೇ ಸೀರೆ ಹರಿದು ಮಾಡಿದ ಕೂಸಿನ ಬಟ್ಟೆಗಳು ಕಂಡವು. ಅಂಗೈಯಗಲದವು, ಗಾಳಿಗೆ ಕುಪ್ಪಳಿಸುತ್ತಿದ್ದವು. ಅವನು ನಿಂತು ನೋಡಿದ. ಬಾಯಿ ಬಿಡಲಿಲ್ಲ; ಆದರೂ ಮುಖ ಅರಳಿದ್ದು ಶಾಂತಮ್ಮನಿಗೆ ಕಂಡಿತು. ಅವರು ತಂತಿಯಿಂದ ಎಲ್ಲವನ್ನೂ ಎಳೆದು, ಅವನೆದುರೇ ಬಚ್ಚಲ ಒಲೆಗೆ ತುರುಕಿದರು. ಒದ್ದೆ ಬಟ್ಟೆ ಬೇಗ ಹತ್ತಲಿಲ್ಲ. ಕೋಲಿನಿಂದ ತಿವಿದು ತಿವಿದು ಉರಿಸಿದರು.

ಅಂದಿನಿಂದ ಬಾಣಂತಿಯ ಕೋಣೆಯಲ್ಲಿ ಎರಡು ಹೊತ್ತೂ ಮೆಣಸಿನಕಾಯಿ. ಗಾಳಿ ಸೋಕದಂತೆ ಕಿಟಕಿ ಭದ್ರ, ಬಾಗಿಲಿಗೆ ಕಂಬಳಿ. ಒಳಗೆ ಕೆಂಡದ ಬೋಗುಣಿ.

ಇಲ್ಲೊಂದು ಸಂಗತಿಯನ್ನು ಅಖ್ತರ್ ಬೀ ಕೈಯಲ್ಲಿನ ಎಲೆ ಕೆಳಗಿಟ್ಟು ಹೇಳಿದರು. ಶಾಂತಮ್ಮನ ಮೂಗು ನಶ್ಯದಿಂದ ಎಂದೋ ಸತ್ತಿತ್ತು. ಅವರಿಗೆ ಮಲ್ಲಿಗೆಯೂ ಒಂದೇ, ಮೆಣಸಿನಕಾಯಿಯೂ ಒಂದೇ. ಕೆಂಡಕ್ಕೆ ಹಿಡಿ ಮೆಣಸಿನಕಾಯಿ ಹಾಕಿ, ಮೂಗೆಳೆದು ನೋಡಿ, "ಘಾಟೇ ಇಲ್ವಲ್ಲೇ! ಎಂಥಾ ದೃಷ್ಟಿ ಹೊಡೆದಿದ್ದಾನೆ ನೋಡು!" ಎಂದು ಇನ್ನೊಂದು ಹಿಡಿ ಹಾಕುತ್ತಿದ್ದರು. ಸೂಲಗಿತ್ತಿ ಚಿನ್ನಮ್ಮ ಸೆರಗು ಕಚ್ಚಿ ಕೆಮ್ಮು ತಡೆಯುತ್ತಿದ್ದಳು. ವಿಶಾಲಮ್ಮ ಕಣ್ಣೊರೆಸಿಕೊಂಡು, "ಹೌದು ಬೀಗಿತ್ತೀರೇ, ಘಾಟೇ ಇಲ್ಲ" ಎನ್ನುತ್ತಿದ್ದಳು. ಗಂಡಿನ ಕಡೆಯವರ ಮೂಗಿಗೆ ಎದುರಾಡುವ ಮೂಗು ಹೆಣ್ಣಿನ ಕಡೆಯವರಿಗೆ ಇರುತ್ತದೆಯೇ? ಕೂಸಿಗೆ ಕೆಮ್ಮು ಹಿಡಿಯಿತು. ಕೂಸಿಗೆ ಕೆಮ್ಮು ಬಂದದ್ದು ದೃಷ್ಟಿಯಿಂದ. ದೃಷ್ಟಿ ತೆಗೆಯಲು ಮತ್ತೆ ಮೆಣಸಿನಕಾಯಿ.

ಜಗಲಿಯ ಕೋಣೆಯಲ್ಲಿದ್ದವನಿಗೆ ಎಲ್ಲವೂ ಕೇಳುತ್ತಿತ್ತು. ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು. ಮೊದಲು ಬೀದಿಗೆ ಕೇಳುತ್ತಿದ್ದದ್ದು ಹೊಸ್ತಿಲಿಗೆ ಬಂತು. ಆಮೇಲೆ ಬಾಗಿಲಿಗೆ ಕಿವಿಯಿಟ್ಟರೆ ಮಾತ್ರ. ಒಂದು ಭಾನುವಾರ ಅಷ್ಟೂ ಕೇಳಲಿಲ್ಲ. ಹುರಿದ ಮೆಣಸಿನಕಾಯಿಯ ಹೊಗೆ ಮಾತ್ರ ಕಂಬಳಿಯ ಅಂಚಿನಿಂದ ತೂರಿ ಬರುತ್ತಿತ್ತು.

ಅವನು ಬಾಗಿಲು ಬಡಿದ. "ಕಿಟಕಿ ತೆಗೀರಿ! ಮಗೂಗೆ ಉಸಿರು ಕಟ್ಟಿದೆ. ಅದು ದೃಷ್ಟಿ ಅಲ್ಲ, ಹೊಗೆ!"

"ಉಸಿರು ಕಟ್ಟಿದೆ ಅಂತ ನಿಮಗೆ ಹ್ಯಾಗೆ ಗೊತ್ತು?" ಶಾಂತಮ್ಮನ ದನಿ ಏರಿತು. "ಕಂಡಿಯಿಂದ ನೋಡಿದ್ರಲ್ಲ? ವಿಶಾಲಮ್ಮಾ, ನಿನ್ನ ಗಂಡ ನೋಡಿಬಿಟ್ಟ! ಇನ್ನೊಂದು ಹಿಡಿ ತಾ!"

ನೋಡಿಲ್ಲವೆಂದರೆ ನಂಬುವವರಿಲ್ಲ. ನೋಡದೆ ನಿಂತರೆ ಕೂಸು ಉಳಿಯುವುದಿಲ್ಲ. ಏಕಾಂತಪ್ಪ ಭುಜ ಕೊಟ್ಟು ಬಾಗಿಲು ನೂಕಿದ, ಕಂಬಳಿ ಕಿತ್ತೆಸೆದ, ಬೋಗುಣಿಯನ್ನು ಒದ್ದು ಹೊರಗೆ ಉರುಳಿಸಿದ, ಕಿಟಕಿಯ ಬಾಗಿಲುಗಳನ್ನು ಗುದ್ದಿ ತೆರೆದ. ಮಗಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಗಾಳಿಗೆ ಹಿಡಿದ. ತುಟಿ ನೀಲಿಗಟ್ಟಿತ್ತು. ಬೆನ್ನು ತಟ್ಟಿದ, ಅಂಗಾಲು ಉಜ್ಜಿದ. ಇನ್ನು ಮುಗಿಯಿತು ಎನ್ನುವಾಗ ಕೂಸು ಒಮ್ಮೆ ಬಿಕ್ಕಿ, ಕೆಮ್ಮಿ, ಬೀದಿಗೆ ಕೇಳುವಂತೆ ಕಿರುಚಿತು.

ಆಗ ಅವನು ಅದರ ಮುಖ ನೋಡಿದ.

ನೀಲಾಂಬಿಕೆಯದೇ ಹಣೆ. ಗಲ್ಲದ ಮೇಲೊಂದು ಕುಳಿ. ಮುಷ್ಟಿ ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತ್ತು. ಸೌದೆಯನ್ನೂ ಬೂಟುಗಳನ್ನೂ ಬಿಡದೆ ಮೆಚ್ಚಿದವನ ಬಾಯಿಗೆ ಆ ಮಾತು ತಾನಾಗಿಯೇ ಬಂತು. ನಾಲಗೆಯ ತುದಿಯವರೆಗೂ ಬಂತು. ಕೋಣೆಯಲ್ಲಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಮಗಳೂ ನೋಡುತ್ತಿದ್ದಳು. ತನ್ನ ಕಣ್ಣು ಕೆಟ್ಟದ್ದೇ ಇರಬಹುದೇನೋ ಎಂದು ಅವನಿಗೆ ಮೊದಲ ಬಾರಿ ಅನ್ನಿಸಿದ್ದು ಆಗಲೇ. ಅವನು ಆ ಮಾತನ್ನು ನುಂಗಿದ. ದೃಷ್ಟಿಯಾಗದಿರಲೆಂದು ಹಳೇ ಕಾಲದವರು ಹಳಿಯುವ ರೀತಿ ನೆನಪಾಗಿ, ಪಕ್ಕಕ್ಕೆ ಉಗಿದ.

"ಥೂ! ಕೋತಿಮರಿ" ಎಂದ. "ಬುರುಡೆ ತಲೆ, ಸುಟ್ಟ ಬದನೇಕಾಯಿ ಮುಖ. ಇಂಥಾ ಕುರೂಪೀನ ಯಾರು ಕಣ್ಣೆತ್ತಿ ನೋಡ್ತಾರೆ!"

ಹೇಳುವಾಗ ಅವನ ದನಿ ಒಡೆಯಿತು. ಚಿನ್ನಮ್ಮನಿಗೆ ಅರ್ಥವಾಯಿತು, ಅವಳು ತಲೆ ತಗ್ಗಿಸಿದಳು. ಶಾಂತಮ್ಮನಿಗೂ ಅರ್ಥವಾಗಿತ್ತು. ಅವರು ನಿಧಾನವಾಗಿ ಡಬ್ಬಿ ತೆಗೆದು, ನಶ್ಯ ಏರಿಸಿ, ಸೊಸೆಯ ಕಡೆ ತಿರುಗಿದರು.

"ಕೇಳಿದ್ಯಾ ತಾಯಿ? ದುರ್ಗಮ್ಮನ ಸೋರೇಕಾಯಿ ಚೆನ್ನಾಗಿತ್ತು. ಸಾಬರ ಕುದುರೆ ಚೆನ್ನಾಗಿತ್ತು. ರಾಮಯ್ಯನ ತಕ್ಕಡಿ ಚೆನ್ನಾಗಿತ್ತು. ನಿನ್ನ ಹೊಟ್ಟೇಲಿ ಹುಟ್ಟಿದ್ದು ಮಾತ್ರ ನಿಮ್ಮಪ್ಪನ ಕಣ್ಣಿಗೆ ಕೋತಿ."

ನೀಲಾಂಬಿಕೆ ಎಷ್ಟೋ ರಾತ್ರಿಗಳಿಂದ ನಿದ್ದೆ ಕಂಡಿರಲಿಲ್ಲ. ಕಣ್ಣು ಹೊಗೆಗೆ ಊದಿತ್ತು. ಎರಡನ್ನು ಮಣ್ಣಿಗೆ ಕೊಟ್ಟವಳು ಅವಳು. ಅಪ್ಪನನ್ನು ಒಮ್ಮೆ ನೋಡಿದಳು, ಅತ್ತೆಯನ್ನು ಒಮ್ಮೆ ನೋಡಿದಳು. ಕೈ ನೀಡಿ ಕೂಸನ್ನು ಕಸಿದುಕೊಂಡು, ಸೆರಗಿನಿಂದ ಅದರ ಮುಖ ಮುಚ್ಚಿದಳು.

"ಹೊರಗೆ ಹೋಗಿ ಅಪ್ಪ" ಎಂದಳು.

ಅಂಗಿಯ ಗುಂಡಿ ಕೂಸಿನ ಮುಷ್ಟಿಯಲ್ಲೇ ಕಿತ್ತುಹೋಗಿತ್ತು. ಶಾಂತಮ್ಮ ಅದನ್ನು ಬಿಡಿಸಿ ಕಿಟಕಿಯಾಚೆ ಎಸೆದು, ಕಿಟಕಿ ಹಾಕಿದರು.

ಮರುದಿನವೇ ಶಾಂತಮ್ಮ ಬಾಣಂತಿಯನ್ನೂ ಕೂಸನ್ನೂ ದುರ್ಗಿಗುಡಿಗೆ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿಗೆ ಬಿಟ್ಟದ್ದು ಹೊಸ ಕುದುರೆ ಕಟ್ಟಿದ್ದ ಬಾಬು ಸಾಬರ ಜಟಕಾ. ಏಕಾಂತಪ್ಪ, ಹೇಳಿಸಿಕೊಳ್ಳದೆ ತಾನೇ, ಗೋಡೆಗೆ ಮುಖ ಮಾಡಿ ನಿಂತಿದ್ದ. ಸಂಜೆ ಬಾಬು ಸಾಬರ ಲಾಯದ ಬಾಗಿಲಿಗೆ ಬಂದು, ಕುದುರೆಯ ಕಡೆ ನೋಡದೆ, "ದಾರೀಲಿ ಅತ್ತಿತಾ?" ಎಂದು ಕೇಳಿದನಂತೆ.

"ಇಲ್ಲ ಮಾರಾಯ" ಎಂದರಂತೆ ಬಾಬು ಸಾಬರು. "ನಿದ್ದೆ ಹೋಗಿತ್ತು. ಮುಖ ನಾನೂ ನೋಡ್ಲಿಲ್ಲ, ಮುಚ್ಕೊಂಡಿದ್ರು."

ಹುಡುಗ ಬದುಕಿದ. ಈಗ ದುರ್ಗಿಗುಡಿಯಲ್ಲಿ ಶಾಲೆಗೆ ಹೋಗುತ್ತಾನೆ. ಅಜ್ಜಿಯ ಮೆಣಸಿನಕಾಯಿಯೇ ಉಳಿಸಿತೆಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಭದ್ರಾವತಿಯ ಅಜ್ಜ ತನ್ನನ್ನು ಕೋತಿಯೆಂದು ಉಗಿದದ್ದು ಅವನಿಗೂ ಬಾಯಿಪಾಠ. ಏಕಾಂತಪ್ಪ ನಡಿಗೆ ಬಿಟ್ಟ. ಕಾರ್ಖಾನೆಗೆ ಹೋಗುವಾಗಲೂ ಬರುವಾಗಲೂ ನೆಲವನ್ನೇ ನೋಡುತ್ತಾನೆ. ಆದರೂ ಬೀದಿಯವರು ಬಾಗಿಲು ಹಾಕುವುದನ್ನು ಬಿಟ್ಟಿಲ್ಲ.

ಕಥೆ ಅಷ್ಟಕ್ಕೆ ಮುಗಿಯಿತು.

"ಪಾಪ" ಎಂದಳು ವಜೀರಾ, ಪಕ್ಕದ ಮನೆಯವಳು.

"ಪಾಪ ಏನ್ ಬಂತು ಮಾರಾಯ್ತಿ" ಎಂದಳು ಬಾಗಿಲ ಹತ್ತಿರ ಕೂತಿದ್ದವಳು. "ಹೊಗೆ ಹೊಗೇನೇ, ಒಪ್ತೀನಿ. ಆದ್ರೆ ಕಣ್ಣೂ ಕಣ್ಣೇ. ಸೋರೇಬಳ್ಳಿ ಸುಮ್ಮನೆ ಕೊಳೀತಾ?"

"ಅದೂ ನಿಜ" ಎಂದರು ಇಬ್ಬರು ಮೂವರು. ವಜೀರಾ ಕೂಡ ತಲೆಯಾಡಿಸಿದಳು.

ಬಿಸಿಲು ಜಗಲಿಯಿಂದ ಇಳಿದಿತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತು. ಹೆಂಗಸರು ಮಡಿಲಿನ ತಂಬಾಕಿನ ಪುಡಿ ಕೊಡವಿ, ಬೀಡಿಯ ಮೊರಗಳನ್ನು ಸೊಂಟಕ್ಕೇರಿಸಿಕೊಂಡು, ಮೊದಲು ಕೊಡ ಇಡುವ ಸರದಿ ಯಾರದೆಂದು ಜಗಳವಾಡುತ್ತ ಎದ್ದು ತಮ್ಮ ತಮ್ಮ ಮನೆಗೆ ಹೋದರು.