ಚಹಾಕ್ಕೆ ಏಳದವರು

ವೇಣೂರಿನ ಹತ್ತಿರದ ನಮ್ಮ ಹಾಲಿನ ಸೊಸೈಟಿಯ ಮಹಾಸಭೆಗೆ ಒಂದು ಪದ್ಧತಿ ಇತ್ತು. ಲೆಕ್ಕಪತ್ರ ಓದಿ ಮುಗಿಯುತ್ತಿದ್ದಂತೆ ಹೆಂಗಸರೆಲ್ಲ ಎದ್ದು ಹಿಂದಿನ ಕೋಣೆಗೆ ಚಹಾ ಮಾಡಲು ಹೋಗುವರು. ಅವರು ಲೋಟ ಹಿಡಿದು ಬರುವಷ್ಟರಲ್ಲಿ ಉಳಿದ ವಿಷಯಗಳೆಲ್ಲ ತೀರ್ಮಾನವಾಗಿ ಗಂಡಸರು ಚಪ್ಪಲಿ ಹುಡುಕುತ್ತಿರುವರು. ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗೆ ನಡೆದುಕೊಂಡು ಬಂದಿತ್ತು.

ಮಾಜಿದಾಳಿಗೆ ಬೇಕಾದದ್ದು ಅರ್ಧ ಗಂಟೆ. ಬೆಳಿಗ್ಗೆ ಆರೂವರೆಗೆ ಸೊಸೈಟಿಯ ಬಾಗಿಲು ಹಾಕುತ್ತಿದ್ದರು. ಗಂಡ ದುಬಾಯಿಯಲ್ಲಿ. ಮಕ್ಕಳನ್ನು ಎಬ್ಬಿಸಿ, ದನದ ಹಾಲು ಕರೆದು, ಕ್ಯಾನು ಹಿಡಿದು ಓಡಿ ಬಂದರೂ ಎಷ್ಟೋ ದಿನ ಮುಚ್ಚಿದ ಬಾಗಿಲೇ. ಹಾಲಿನ ಲಾರಿ ಬರುವುದು ಮಾತ್ರ ಏಳೂವರೆಗೆ.

ಎಂಬತ್ತನಾಲ್ಕರಲ್ಲಿ ಹೆಂಗಸರಿಗೆಂದೇ ತಿಂಗಳ ಸಭೆ ಶುರುವಾಯಿತು. ನಡೆಸಲು ಮೂಡುಬಿದಿರೆಯಿಂದ ಹಾಲು ಒಕ್ಕೂಟದ ಅನ್ನಪೂರ್ಣೇಶ್ವರಿ ಮೇಡಂ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಸಭೆಯಲ್ಲಿ ನಾಲ್ಕು ಗಂಟೆಯಾದದ್ದೇ ತಡ, ಎಲ್ಲರೂ ಎದ್ದು ಹೋದರು. ಮೇಡಂ ಕರಿಹಲಗೆಯ ಜೊತೆ ಒಬ್ಬರೇ ಉಳಿದರು. ಹಿಂದೆ ಹೋಗಿ ನೋಡಿದರೆ ಒಂದು ಪಾತ್ರೆಯ ಸುತ್ತ ಇಡೀ ಸಭೆ.

"ಯಾರಿಗೆ ಚಹಾ?"

"ನಮಗೇ ಮೇಡಂ," ಎಂದಳು ಅಧ್ಯಕ್ಷ ನಾರಾಯಣಮೂರ್ತಿಯವರ ಹೆಂಡತಿ ಶ್ರೀಮತಿ. ಹೇಳಿದ ಮೇಲೆ ಅವಳಿಗೇ ನಗು ಬಂತು.

ಅಂದಿನಿಂದ ನಿಯಮವಾಯಿತು. ಮಾತು ಮುಗಿಯುವ ತನಕ ಯಾರೂ ಏಳುವಂತಿಲ್ಲ. ಮೊದಮೊದಲು ನಾಲ್ಕಕ್ಕೆ ಕಾಲುಗಳು ತಾವಾಗಿಯೇ ಏಳುತ್ತಿದ್ದವು. ಬರಬರುತ್ತಾ ಕೂತುಕೊಳ್ಳುವುದು ಅಭ್ಯಾಸವಾಯಿತು, ನಾಲ್ಕು ಜನರೆದುರು ಮಾತಾಡುವುದೂ. ಮಾಜಿದಾ ಪ್ರತಿ ತಿಂಗಳೂ ಅರ್ಧ ಗಂಟೆಯ ವಿಷಯ ಎತ್ತಿದಳು, ಎಲ್ಲರೂ ಹೌದೆಂದರು. ಬಾಗಿಲು ಮಾತ್ರ ಆರೂವರೆಗೇ ಮುಚ್ಚುತ್ತಿತ್ತು.

ಅವಳು ಅಧ್ಯಕ್ಷರನ್ನೇ ಕೇಳಿದಳು.

"ನಿಮಗೆ ಬೇರೆ ಸಭೆ ಉಂಟಲ್ಲ ಮಾರಾಯ್ತಿ, ಅಲ್ಲಿ ಹೇಳಿ."

"ಹೇಳಿಯಾಯ್ತು. ಅಲ್ಲಿ ಬಾಗಿಲಿನ ಚಾವಿ ಇಲ್ಲ."

ಮುಂದಿನ ತಿಂಗಳು ಹೆಂಗಸರ ಸಭೆಯಲ್ಲಿ ಒಂದೇ ತೀರ್ಮಾನ: ಮಹಾಸಭೆಯಲ್ಲೂ ಏಳುವುದು ಬೇಡ.

ಮಹಾಸಭೆಯ ದಿನ ಲೆಕ್ಕಪತ್ರ ಓದಿ ಮುಗಿಯಿತು. ನಾರಾಯಣಮೂರ್ತಿ ಕನ್ನಡಕ ತೆಗೆದು ಕಾದರು. ಯಾರೂ ಏಳಲಿಲ್ಲ. ಹೆಂಡತಿಯತ್ತ ನೋಡಿದರು. ಶ್ರೀಮತಿ ತಿರುಗುವ ಫ್ಯಾನನ್ನು ನೋಡುತ್ತಿದ್ದಳು.

"ಚಹಾ?"

"ಆಗ್ತದೆ. ಸಭೆ ಮುಗಿಯಲಿ."

ಗಂಡಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಕೊನೆಗೆ ಕಾರ್ಯದರ್ಶಿ ನಿತ್ಯಾನಂದ ತಾನೇ ಹಿಂದಕ್ಕೆ ಹೋದ. ಒಲೆ ಊದಲು ಅವನ ಬೆನ್ನಿಗೆ ಇಬ್ಬರು, ಸಲಹೆ ಕೊಡಲು ಅರ್ಧ ಸಾಲು.

ಮಾಜಿದಾ ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೇ ಹೇಳಿದಳು.

"ಲಾರಿ ಬರುವುದು ಏಳೂವರೆಗೆ. ಬಾಗಿಲು ಏಳರ ತನಕ ತೆಗೆದಿಡುವ. ಅಷ್ಟೇ."

"ಮುಂದಿನ ವರ್ಷ ನೋಡುವ," ಎಂದರು ಮುಂದಿನ ಸಾಲಿನ ಡೊಂಬಯ್ಯ.

"ಆಯ್ತು. ಅಲ್ಲಿವರೆಗೆ ಬೇಗ ಹಾಲು ಕೊಡ್ಲಿಕ್ಕೆ ನನ್ನ ದನವನ್ನು ನೀವೇ ಒಪ್ಪಿಸಿ ಡೊಂಬಯ್ಯಣ್ಣ."

ಡೊಂಬಯ್ಯನೇ ಮೊದಲು ನಕ್ಕದ್ದು. ಅಧ್ಯಕ್ಷರು ಕೈ ಎತ್ತಿ ಎಂದಾಗ ಶ್ರೀಮತಿಯ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಹೆಂಗಸರ ಕೈಗಳೆಲ್ಲ ಎದ್ದವು, ಹಿಂದೆಯೇ ಡೊಂಬಯ್ಯನದ್ದೂ.

ನಿತ್ಯಾನಂದ ಬೆವರುತ್ತಾ ಲೋಟಗಳ ತಟ್ಟೆ ಹಿಡಿದು ಬಂದ.

"ಏನಾಯ್ತು?"

"ಬಾಗಿಲು ಏಳರ ತನಕ," ಎಂದರು ಅಧ್ಯಕ್ಷರು.

"ನಾವು ಇರಲೇ ಇಲ್ಲವಲ್ಲ?"

"ಚಹಾ ಮಾಡ್ಲಿಕ್ಕೆ ಹೋದವರ ಪಾಡು ಹಾಗೆಯೇ," ಎಂದು ಶ್ರೀಮತಿ ಲೋಟ ತೆಗೆದುಕೊಂಡಳು.

ಒಳಗಿದ್ದದ್ದು ಬರೀ ಬಿಸಿಹಾಲು. ಚಹಾಹುಡಿಯ ಡಬ್ಬಿ ಎಲ್ಲಿ ಉಂಟೆಂದು ಹಿಂದೆ ಹೋದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಾಜಿದಾ ಇನ್ನೊಂದು ಲೋಟ ಕೇಳಿ ಕುಡಿದಳು.