ಗಿರಾಕಿಗಳಿಗಿಟ್ಟ ನಗು

"ಅಳು ವೈನಿ, ಬಾಯಿ ಬಿಟ್ಟು ಅಳು. ಮಂದಿ ನೋಡಾಕತ್ತಾರ," ಎನ್ನುತ್ತ ಭೀಮಬಾಯಿ ಶಂಕ್ರಮ್ಮನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಶಂಕ್ರಮ್ಮ ಅಲುಗಾಡಿದಳೇ ಹೊರತು ಅಳಲಿಲ್ಲ.

ಎದುರಿಗೆ ಅವಳ ಗಂಡ ಅಣವೀರಪ್ಪನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ ಬಳಿದಾಗಿತ್ತು. ಕೊರಳಲ್ಲಿ ಚೆಂಡುಹೂವಿನ ಹಾರ. ಕಮಲಾಪುರದ ಅರ್ಧ ಓಣಿ ಆ ಎರಡು ಖೋಲಿಯ ಮನೆಯಲ್ಲಿ ತುಂಬಿಕೊಂಡು, ಸತ್ತವನನ್ನು ಬಿಟ್ಟು ಅಳದ ಹೆಂಡತಿಯನ್ನೇ ನೋಡುತ್ತಿತ್ತು.

ಭೀಮಬಾಯಿ ಅಣವೀರಪ್ಪನ ತಂಗಿ. ಪಂಚಮಿಗೊಮ್ಮೆ ಬಂದು ಉಂಡಿ ತಿಂದು ಹೋಗುವವಳಿಗೆ ಅಳುವುದೇನು ಕಷ್ಟ? ಬಂದ ಗಳಿಗೆಯಲ್ಲೇ ಅತ್ತು ಗಂಟಲು ಕೂರಿಸಿಕೊಂಡಿದ್ದಳು. ಶಂಕ್ರಮ್ಮನೂ ಬೆಳಗಿನಿಂದ ಪ್ರಯತ್ನಪಟ್ಟಿದ್ದಳು. ಆದರೆ ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂದು ಕೂತಿತ್ತು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ ಕಲಬುರಗಿಗೆ ಹೋಗುವ ಆರರ ಬಸ್ಸಿಗೆಂದು ಎದ್ದು, ಹೊಸ್ತಿಲಲ್ಲಿ ಕುಸಿಯುವ ಮುಂಚೆ ಆಡಿದ ಕೊನೆಯ ಮಾತು "ಚಪ್ಪಲಿ ಎಲ್ಲವ?" ಎಂಬುದು. ಅದನ್ನೂ ಅವಳ ಮುಖ ನೋಡಿ ಕೇಳಲಿಲ್ಲ, ನೆಲ ನೋಡಿ ಕೇಳಿದ.

ಅವನಿಗೆ ತನ್ನ ಮೇಲೆ ಪ್ರೀತಿ ಅಂತ ಏನಾದರೂ ಇತ್ತೇ, ಇರಲಿಲ್ಲವೇ? ಅದೊಂದು ಗೊತ್ತಾಗಿದ್ದರೆ ಅಳಬಹುದಿತ್ತು. ಇಲ್ಲ ಎಂದು ಗೊತ್ತಾಗಿದ್ದರೂ ಅಳಬಹುದಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ಮನೆ ಮುಂದೆ ಟೆಂಪೊ ಬಂದು ನಿಂತಿತು. ಕಲಬುರಗಿಯ ಹೋಟೆಲಿನವರು. ಮುಂದೆ ಕೂತು ಬಂದವನು ಮಾಲಕ ಜಗದೇವಪ್ಪ. ಕೈಯಲ್ಲಿ ತೊಡೆಗಾತ್ರದ ಗುಲಾಬಿ ಹಾರ. ಹಿಂದೆ ಚಹಾ ಮಾಡುವ ಇಮಾಮುದ್ದೀನ್, ಮತ್ತೆ ಎಂಟು-ಹತ್ತು ಜನ ಗಿರಾಕಿಗಳು. ಒಬ್ಬ ಸಪ್ಲಾಯರ್ ಸತ್ತನೆಂದು ಗಿರಾಕಿಗಳು ಮೂವತ್ತೈದು ಕಿಲೋಮೀಟರು ಬಂದದ್ದನ್ನು ಕಂಡು ಓಣಿಯವರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅವರಲ್ಲಿ ಹಿರಿಯರಾದ ದೇವೀಂದ್ರಪ್ಪ ಮಾಸ್ತರರು ಹೆಣದ ಕಾಲು ಮುಟ್ಟಿ ನಮಸ್ಕಾರ ಮಾಡಿ ಶಂಕ್ರಮ್ಮನ ಎದುರು ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತರು.

"ನಂದು ಜೇವರ್ಗಿ ಕಾಲೋನಿ, ತಂಗೀ. ದಿನಾ ಮುಂಜಾನೆ ನಿನ್ನ ಗಂಡನ ಕೈಯಾಗ್ನೇ ನಾಷ್ಟಾ. ಏನ್ ನಗಿ ಅದು! ನನ್ನ ಮಕ್ಕಳು ಹಂಗ ಮಾತಾಡ್ಸ್ಲಿಲ್ಲ. 'ಮಾಸ್ತರ್, ಮೊಣಕಾಲ್ ಬ್ಯಾನಿ ಹ್ಯಾಂಗದರಿ, ಮೆತ್ತಗಿನ ಇಡ್ಲಿ ತರ್ಲೇನ್ರಿ?' ಅಂತ ಕೇಳಾಂವ. ಭಾಳ ಪುಣ್ಯ ಮಾಡಿದಿ ನೀನು. ದಿನಾ ಆ ನಗಿ ನೋಡಿ."

ಶಂಕ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳು ಬಂತೆಂದು ಭೀಮಬಾಯಿಗೆ ಸಮಾಧಾನವಾಯಿತು. ಬಂದದ್ದು ಬೈಗುಳ, ಅದನ್ನು ಅವಳು ಹಲ್ಲುಕಚ್ಚಿ ತಡೆದಿದ್ದಳು.

*

ಆ ನಗುವನ್ನು ಅವಳು ನೋಡಿದ್ದು ಒಂದೇ ಸಲ, ಎಂಬತ್ತಮೂರನೇ ಇಸವಿಯಲ್ಲಿ.

ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಮಾತಾಡುವವರು ಇಬ್ಬರೇ, ಅದರಲ್ಲಿ ಒಬ್ಬ ಮಾತಾಡುತ್ತಿರಲಿಲ್ಲ. ಬರುತ್ತಿದ್ದ, ಕಾಲು ತೊಳೆಯುತ್ತಿದ್ದ, ರೊಟ್ಟಿ ತಿಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಪೇಟೆಗೆ ಹೋಗಿ ಬಂದ ನೆರೆಯವರು ಮಾತ್ರ "ನಿನ್ನ ಗಂಡ ಎಷ್ಟ್ ನಗ್ತಾನವ್ವ, ಎಷ್ಟ್ ಚಂದ ಮಾತಾಡ್ತಾನ" ಎಂದು ಹೇಳಿ ಹೊಟ್ಟೆ ಉರಿಸುತ್ತಿದ್ದರು. ಕಣ್ಣು ತೋರಿಸಲು ಕಲಬುರಗಿಯ ದವಾಖಾನೆಗೆ ಹೋದ ದಿನ ಅವಳು ಧೈರ್ಯ ಮಾಡಿ ಆ ಹೋಟೆಲಿಗೇ ನಡೆದಳು. ಮೂಲೆಯ ಟೇಬಲ್ಲಿಗೆ ಹೋಗಿ ಕೂತಳು.

ಅಣವೀರಪ್ಪ ಅವಳನ್ನು ನೋಡಿದ. ಒಂದು ಕ್ಷಣ ಗಕ್ಕನೆ ನಿಂತ. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು ಟೇಬಲ್ ಒರೆಸಿ, ಮುಖ ತುಂಬ ನಕ್ಕು, "ಬರ್ರಿ ಅಕ್ಕಾರ, ಏನ್ ತರ್ಲಿರಿ? ಬಿಸಿ ಸುಸಲಾ ಅದ, ಮಿರ್ಚಿ ಅದ" ಎಂದ.

ಏನು ತಿನ್ನುತ್ತೀ ಎಂದು ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳಿಗೆ ಕಿವಿಯವರೆಗೆ ನಾಚಿಕೆಯಾಯಿತು. ಸುಸಲಾ ತರಿಸಿಕೊಂಡು ಒಂದೊಂದೇ ಮಂಡಕ್ಕಿ ಎಣಿಸಿದ ಹಾಗೆ ತಿಂದಳು. ಅವನು ಎರಡು ಸಲ ಬಂದು "ನೀರ್ ಕೊಡ್ಲೇನ್ರಿ?" ಎಂದು ಕೇಳಿದ. ಎರಡು ಸಲವೂ ನಕ್ಕ. ಹೊಟ್ಟೆ ತುಂಬಿದ್ದರೂ ಅವಳು ಚಹಾ ಹೇಳಿದಳು. ಬಿಲ್ಲು ಕೊಟ್ಟು, ಬೇರೆಯವರು ಮಾಡಿದ್ದನ್ನು ನೋಡಿಕೊಂಡು ತಾನೂ ಬಿಲ್ಲಿನ ಜೊತೆ ಬಂದ ಬಡೇಸೋಪಿನ ತಟ್ಟೆಯಲ್ಲಿ ಒಂದು ರೂಪಾಯಿ ಇಟ್ಟಳು. ಗಂಡ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಮತ್ತ ಬರ್ರಿ" ಎಂದ.

ಅವತ್ತು ಮನೆಗೆ ಬಂದವನು ಊಟ ಮುಗಿಸುವವರೆಗೂ ಸುಮ್ಮನಿದ್ದ. ಅವಳು ಬಾಗಿಲಿಗೊರಗಿ ಕಾಯುತ್ತಿದ್ದಳು. ಕೈ ತೊಳೆಯುವಾಗ ಹೇಳಿದ: "ಇನ್ನ್ ಮ್ಯಾಲ ಬರಬ್ಯಾಡ. ಫುಕಟ್ ತಿನ್ನಿಸ್ತಾನ ಅಂತ ಮಾಲಕ ಬೈತಾನ."

"ನಾ ರೊಕ್ಕಾ ಕೊಟ್ಟ್ ತಿಂದೀನಿ," ಎಂದಳು ಶಂಕ್ರಮ್ಮ. ಅಷ್ಟರಲ್ಲಿ ಅವನು ಗೋಡೆ ಕಡೆ ತಿರುಗಿಯಾಗಿತ್ತು.

ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಳು. ಸಂಬಳ ಅಷ್ಟಕ್ಕಷ್ಟೆ, ಮನೆ ನಡೆಯುವುದು ಟಿಪ್ಸಿನಿಂದ. ನಗುವುದು ಅವನ ಕೆಲಸ, ಚಹಾ ಮಾರಿದ ಹಾಗೆ ನಗು ಮಾರುತ್ತಾನೆ, ಎಲ್ಲಾ ಮಾರಿ ಬಂದವನ ಹತ್ತಿರ ಮನೆಗೆ ಏನು ಉಳಿಯುತ್ತದೆ ಪಾಪ. ಈ ಸಮಾಧಾನವೊಂದನ್ನು ನಂಬಿ ಅವಳು ಸಂಸಾರ ಮಾಡಿದಳು.

*

"ಅದಕ್ಕಿಂತ ದೊಡ್ಡ ಮಾತ್ ಹೇಳ್ತೀನಿ ಕೇಳು," ಎಂದು ಮಾಸ್ತರರು ಮುಂದುವರಿಸಿದರು. "ಐದು ವರ್ಷದ ಹಿಂದ ಇವರು ಬಿಲ್ಲಿನ್ಯಾಗ ಸರ್ವಿಸ್ ಚಾರ್ಜ್ ಅಂತ ಹತ್ತು ಪರ್ಸೆಂಟ್ ಹಾಕಾಕ ಸುರು ಮಾಡಿದ್ರು. ಬಿಲ್ಲಿನ್ಯಾಗೇ ಹೋಗ್ತದಲ್ಲ ಅಂತ ನಾವ್ಯಾರೂ ಟಿಪ್ಸ್ ಇಡೋದು ಬಿಟ್ಟಿವಿ. ಉಳಿದ ಸಪ್ಲಾಯರ್ ಎಲ್ಲಾರೂ ಮಾರಿ ಸಿಂಡರಿಸಿದ್ರು. ನಿನ್ನ ಗಂಡನ ನಗಿ ಮಾತ್ರ ಒಂದು ಕೂದಲಷ್ಟು ಕಮ್ಮಿ ಆಗ್ಲಿಲ್ಲ."

ಶಂಕ್ರಮ್ಮ ತಲೆ ಎತ್ತಿದಳು.

"ಒಂದ್ ರೂಪಾಯಿನೂ ಇಡ್ಲಿಲ್ಲೇನ್ರಿ?"

ಮಾಸ್ತರರು ತಬ್ಬಿಬ್ಬಾದರು. ಹೆಣದ ಮುಂದೆ ಹೀಗೆ ಲೆಕ್ಕ ಕೇಳುತ್ತಾಳೆಂದು ಅವರು ಎಣಿಸಿರಲಿಲ್ಲ. "ಅಲ್ಲ ತಂಗೀ, ಬಿಲ್ಲಿನ್ಯಾಗ ಕೊಡ್ತಿದ್ದಿವಲ್ಲ... ಯಾಕ್ರೀ ಜಗದೇವಪ್ಪ, ಆ ಹತ್ತು ಪರ್ಸೆಂಟ್ ಇವರಿಗೇ ಮುಟ್ತಿತ್ತಲ್ಲ?"

ಜಗದೇವಪ್ಪನಿಗೆ ಆಗಲೇ ತಾನು ಹೆಣಕ್ಕೆ ಹಾಕಿದ್ದ ಹಾರ ಓರೆಯಾಗಿ ಕಂಡಿತು. ಅದನ್ನು ಸರಿಮಾಡುತ್ತ, "ದೀಪಾವಳಿಗೆ ಎಲ್ಲಾರಿಗೂ ಸ್ಟೀಲಿನ ಡಬ್ಬಿ ಕೊಟ್ಟೀನ್ರಿ, ಡಬ್ಬಿ ತುಂಬ ಮಿಠಾಯಿ" ಎಂದ. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದು ವರ್ಷ ಕೊಟ್ಟದ್ದು ಎಲ್ಲಿ ಹೋಯಿತೆಂದು ಅವರಿಗೆ ಆಗ ತಿಳಿಯಿತು.

ಶಂಕ್ರಮ್ಮನಿಗೆ ಬೇಕಾದದ್ದು ಆ ಲೆಕ್ಕವಾಗಿರಲಿಲ್ಲ. ಹತ್ತು ಪರ್ಸೆಂಟನ್ನು ಜಗದೇವಪ್ಪ ನುಂಗಲಿ, ನೀರು ಕುಡಿಯಲಿ. ಟಿಪ್ಸ್ ನಿಂತ ವರ್ಷ ಗಂಡನ ಜೇಬು ಹಗುರಾದದ್ದು ಅವಳಿಗೆ ಗೊತ್ತಾಗಿತ್ತು. ಊರ ಹೊರಗಿದ್ದ ತುಂಡು ಹೊಲ ಅಡವಿಟ್ಟು ಹೇಗೋ ಸಂಭಾಳಿಸಿದ್ದಳು. ಒಳಗೊಳಗೆ ಒಂದು ಆಸೆಯೂ ಹುಟ್ಟಿತ್ತು: ಕೊಳ್ಳುವವರಿಲ್ಲದ ಮೇಲೆ ನಗುವನ್ನು ಇನ್ನು ಅಲ್ಲೇಕೆ ಖರ್ಚು ಮಾಡುತ್ತಾನೆ, ಮನೆಗೆ ತರುತ್ತಾನೆ ಎಂದು. ಐದು ವರ್ಷ ಅದಕ್ಕಾಗಿ ಕಾದಳು. ತರಲಿಲ್ಲ. ಅಲ್ಲೂ ನಗುವುದು ಬಿಟ್ಟಿರಬೇಕು, ಬೇಜಾರಾಗಿರಬೇಕು ಎಂದು ಅವನ ಪರವಾಗಿ ತಾನೇ ವಾದ ಮಾಡಿಕೊಂಡಳು. ಈಗ ನೋಡಿದರೆ ಆ ಮನುಷ್ಯ ಅಲ್ಲಿ ಬಿಟ್ಟಿಯಾಗಿ ನಕ್ಕಿದ್ದಾನೆ! ಊರವರಿಗೆ, ಯಾರ್ಯಾರಿಗೋ, ಮೊಣಕಾಲು ನೋವಿನ ಮಾಸ್ತರನಿಗೆ!

ಅವಳು ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಇಮಾಮುದ್ದೀನ್ ಒಬ್ಬನೇ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಇಪ್ಪತ್ತೇಳು ವರ್ಷ ಅಣವೀರಪ್ಪನ ಜೊತೆ ಕೆಲಸ ಮಾಡಿದವನು.

"ಖರೇ ಹೇಳು ಭಾಯಿ. ರೊಕ್ಕಾ ಇಲ್ಲದ ನಗ್ತಿದ್ನಾ?"

"ನಗ್ತಿದ್ದ ಭಾಬಿ. ನಾ ಒಮ್ಮೆ ಬೈದೆ. ಬಕ್ಷೀಸ್ ಬಂದ್ ಆದ ಮ್ಯಾಲ ಯಾಕ್ ಹಲ್ಲ್ ತೆಗೀತಿ ದಿವಾನಾ ಅಂತ. 'ಉಣ್ಣಾಕ ಬಂದವ್ರ ಮುಂದ ಮಾರಿ ಗಂಟ್ ಹಾಕಾಕ ನನಗ ಆಗಂಗಿಲ್ಲ' ಅಂದ."

"ನಾ ಉಣ್ಣಾಕ ನೀಡ್ತಿದ್ದೆ. ನನ್ನ ಮುಂದ ಆಗ್ತಿತ್ತೇನು?"

ಇಮಾಮುದ್ದೀನ್ ತಲೆ ತಗ್ಗಿಸಿದ. "ನಮ್ಮ ಮುಂದೂ ಹಂಗೇ ಭಾಬಿ. ಬಾಗಿಲಾ ದಾಟಿ ಒಳಗ ಚಹಾದ ಭಟ್ಟಿ ಕಡೆ ಬಂದ್ರ ನಗಿ ಖತಂ. ಡಬ್ಬಾದ ಮ್ಯಾಲ ಧಪ್ ಅಂತ ಕೂಡಾಂವ, ಕಾಲ್ ಒತ್ಕೊಳ್ಳಾಂವ, ಒಂದ್ ಮಾತಿಲ್ಲ. ಖುದಾ ಕಸಮ್, ನನ್ನ ಜೋಡಿ ಒಮ್ಮೇನೂ ನಗ್ಲಿಲ್ಲ. ನಮ್ಮವ್ರು ಅಂತ ತಿಳ್ಕೊಂಡಿದ್ದ, ಅದಕ್ಕ. ನಮ್ಮವ್ರ ಮುಂದ ದಣಿಬಹುದಲ್ಲ?"

"ನಾ ಏನ್ ನಿಮ್ಮ ಹೋಟೆಲಿನ ಭಟ್ಟಿ ಏನು?" ಎಂದಳು ಶಂಕ್ರಮ್ಮ. ದನಿ ಏರಿ ಒಳಗೆ ಹೆಣದ ಮುಂದೆ ಹಾಡುತ್ತಿದ್ದ ಭಜನೆಯವರಿಗೂ ಕೇಳಿಸಿತು.

*

ಮಧ್ಯಾಹ್ನ ಟ್ರ್ಯಾಕ್ಟರಿನ ಟ್ರಾಲಿಗೆ ಬಾಳೆಗಿಡ ಕಟ್ಟಿ, ನಡುವೆ ಮಂಚದ ಮೇಲೆ ಅಣವೀರಪ್ಪನನ್ನು ತಂದು ಕೂರಿಸಿದರು. ಎತ್ತಿದ ರಭಸಕ್ಕೆ ತಲೆ ಮುಂದಕ್ಕೆ ವಾಲಿತು. ಯಾರೋ ಬಿಳಿ ಬಟ್ಟೆ ಹರಿದು ಗದ್ದದ ಕೆಳಗಿನಿಂದ ತಂದು, ನೆತ್ತಿಯ ಮೇಲೆ ಎಳೆದು ಗಂಟು ಹಾಕಿ, ಬೆನ್ನ ಹಿಂದೆ ನಿಲ್ಲಿಸಿದ್ದ ಬಡಿಗೆಗೆ ಬಿಗಿದ. ಬಿಗಿದ ಬಿಗಿತಕ್ಕೆ ಕೆನ್ನೆಗಳೆರಡೂ ಮೇಲೆ ಸರಿದವು. ತುಟಿಯ ತುದಿಗಳೂ ಮೇಲೆದ್ದವು.

"ಅಯ್ಯಯ್ಯ, ನೋಡ್ರೀ! ಅಣವೀರ ನಗಾಕತ್ತಾನ!" ಎಂದ ಜಗದೇವಪ್ಪ.

ಹೌದು, ನಗುತ್ತಿದ್ದ. ಗಿರಾಕಿಗಳು ಟ್ರಾಲಿಯ ಸುತ್ತ ಮುತ್ತಿಕೊಂಡರು. ಮಾಸ್ತರರು ಕೈ ಮುಗಿದು, "ಹೋಟೆಲಿನ್ಯಾಗ ನಿಂತಂಗೇ ಅದ ನೋಡ್ರಿ, ಏನ್ ತರ್ಲಿರಿ ಅಂದಂಗೇ ಅದ" ಎಂದು ಗಳಗಳ ಅತ್ತರು. "ನಗಕೋತ ಹೊಂಟ ನಮ್ಮಣ್ಣ" ಎಂದು ಭೀಮಬಾಯಿ ಕೂತ ಗಂಟಲಲ್ಲೇ ರಾಗ ತೆಗೆದಳು.

ಶಂಕ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮೈಯೆಲ್ಲ ಉರಿದು ಹೋಯಿತು. ಬದುಕಿದ್ದಷ್ಟು ದಿನ ಗಿರಾಕಿಗಳದಾಗಿದ್ದ ಮುಖವನ್ನೇ ಹಾಕಿ ಇವನನ್ನು ಮಣ್ಣಿಗೂ ಕಳಿಸುತ್ತಿದ್ದಾರೆ. ಜನರನ್ನು ಎರಡೂ ಕೈಯಿಂದ ಸರಿಸುತ್ತ ಹೋಗಿ, ಗಾಲಿಯ ಮೇಲೆ ಕಾಲಿಟ್ಟು, ಟ್ರಾಲಿ ಹತ್ತಿದಳು.

"ವೈನಿ, ಏನ್ ಮಾಡ್ತಿ? ಇಳಿ ಕೆಳಗ!"

ಅವಳು ಗಂಟು ಬಿಚ್ಚಿದಳು. ಬಟ್ಟೆ ಸಡಿಲಾದದ್ದೇ ಕೆನ್ನೆ ಜಾರಿದವು, ತುಟಿಯ ತುದಿಗಳು ಕೆಳಗಿಳಿದವು. ನಗು ಹೋಯಿತು. ರಾತ್ರಿ ಒಂಬತ್ತರ ಬಸ್ಸಿಳಿದು ಬಂದು, ಕಾಲು ತೊಳೆದು, ರೊಟ್ಟಿಯ ಮುಂದೆ ಕೂರುತ್ತಿದ್ದ ಆ ಜೋತುಬಿದ್ದ, ಸಿಡುಕು ಮುಖ ಬಂತು. ಇಷ್ಟು ಜನರಲ್ಲಿ ಆ ಮುಖದ ಗುರುತು ಇದ್ದದ್ದು ಅವಳಿಗೂ ದೂರ ನಿಂತಿದ್ದ ಇಮಾಮುದ್ದೀನನಿಗೂ ಮಾತ್ರ. ಉಳಿದವರು ಬೇರೆ ಯಾರನ್ನೋ ನೋಡುತ್ತಿರುವಂತೆ ಹಿಂದೆ ಸರಿದರು.

"ಬಟ್ಟಿ ಕಟ್ಟವ್ವಾ, ತಲಿ ವಾಲ್ತದ," ಎಂದ ಟ್ರ್ಯಾಕ್ಟರಿನವನು.

"ವಾಲಲಿ. ನೀ ನಡಿ."

ಅವಳು ಮಂಚದ ಮೇಲೆ ಗಂಡನ ಪಕ್ಕದಲ್ಲೇ ಕೂತಳು. ಟ್ರ್ಯಾಕ್ಟರ್ ಕುಲುಕಿ ಹೊರಟಾಗ ಅವನ ತಲೆ ಅವಳ ಭುಜದ ಮೇಲೆ ಬಿತ್ತು. "ನಿನ್ನ ಬಾಯಾಗ ಮಣ್ಣ್ ಹಾಕ," ಎಂದಳು ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ, ಮೂವತ್ತು ವರ್ಷದ್ದನ್ನೆಲ್ಲ ಒಂದೊಂದಾಗಿ ತೆಗೆದು ಬೈಯತೊಡಗಿದಳು. ಭಜನೆಯವರು ತಾಳ ನಿಲ್ಲಿಸಿದರು. ಊರ ಅಗಸಿ ದಾಟುವ ಹೊತ್ತಿಗೆ ಅವಳ ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. ಬೈಗುಳ ನಿಂತಿರಲಿಲ್ಲ, ಮತ್ತು ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಅವನ ತಲೆಗೆ ಪೆಟ್ಟಾಗದಂತೆ ಅದರ ಕೆಳಗೆ ಅಂಗೈ ಕೊಡುತ್ತಿದ್ದಳು.